ಸ್ಯಾಷ್ ಕಿಟಕಿಗೆ ಎರಡನೆಯ ಗಾಜು: ವಿಕಲಚೇತನರ ಅನುಕೂಲ ಮತ್ತು ವೆಚ್ಚದ ಲೆಕ್ಕ

ಲೆಕ್ಕಪುಸ್ತಕದಲ್ಲಿ ಖರ್ಚು ದಾಖಲಾದ ಮಾತ್ರಕ್ಕೆ ಆ ಖರ್ಚಿನ ಉದ್ದೇಶ ಈಡೇರಿತೆಂದು ಹೇಳಲಾಗದು. ಬ್ರಿಟನ್ನಿನ ಹಳೆಯ ಕಟ್ಟಡಗಳಲ್ಲಿ ಕಿಟಕಿಯ ಒಳಬದಿಗೆ ಎರಡನೆಯ ಗಾಜನ್ನು ಅಳವಡಿಸುವ ಉದ್ಯಮವು ಈ ಮಾತಿಗೆ ಉತ್ತಮ ನಿದರ್ಶನವಾಗಿದೆ. ಚಳಿಯನ್ನೂ ರಸ್ತೆಯ ಸದ್ದನ್ನೂ ತಡೆಯಲೆಂದು ಹಣ ತೆತ್ತು ಹಾಕಿಸಿದ ಈ ಗಾಜು, ಸಂಧಿವಾತದಿಂದ ಬಳಲುವ ವೃದ್ಧರಿಗೆ ಅಥವಾ ಗಾಲಿಕುರ್ಚಿ ಬಳಸುವವರಿಗೆ ತೆರೆಯಲಾಗದ ಗೋಡೆಯಾಗಿ ಪರಿಣಮಿಸುವುದುಂಟು. ಕೋಣೆ ಬೆಚ್ಚಗಾಗುತ್ತದೆ ನಿಜ. ಆದರೆ ತುಸು ಗಾಳಿಗಾಗಿಯೂ ಮತ್ತೊಬ್ಬರನ್ನು ಕೂಗಿ ಕರೆಯಬೇಕಾಗುತ್ತದೆ. ಬೆಂಕಿ ಅನಾಹುತದಂತಹ ಸಂದರ್ಭದಲ್ಲಿ ಇದು ಕೇವಲ ಅನಾನುಕೂಲವಾಗಿ ಉಳಿಯುವುದಿಲ್ಲ.

ಬ್ರಿಟನ್ನಿನ ಜನಸಂಖ್ಯೆಯಲ್ಲಿ ಸುಮಾರು ನಾಲ್ಕನೇ ಒಂದು ಭಾಗದಷ್ಟು ಜನರು ಒಂದಲ್ಲ ಒಂದು ವೈಕಲ್ಯವನ್ನು ಹೊಂದಿದವರೆಂದು ಅಲ್ಲಿನ ಸರಕಾರಿ ಸಮೀಕ್ಷೆಗಳು ತಿಳಿಸುತ್ತವೆ. ಇಂಗ್ಲೆಂಡಿನ ಮನೆಗಳಲ್ಲಿ ಸುಮಾರು ಐದನೇ ಒಂದು ಭಾಗ 1919ಕ್ಕಿಂತ ಹಿಂದೆ ಕಟ್ಟಿದವು. ಆದ್ದರಿಂದ ಹಳೆಯ ಕಿಟಕಿ ಮತ್ತು ವಿಕಲಚೇತನ ಬಳಕೆದಾರ ಎಂಬ ಈ ಜೋಡಿ ಅಪರೂಪದ್ದಲ್ಲ. ಆ ಉದ್ಯಮ ಇದನ್ನು ಹೇಗೆ ನಿಭಾಯಿಸಬಹುದು, ಅದಕ್ಕೆ ತಗಲುವ ವೆಚ್ಚವನ್ನು ಯಾರು ಭರಿಸುತ್ತಾರೆ ಎಂಬುದನ್ನು ಅರಿಯುವುದು ಕಟ್ಟಡ ಸಾಮಗ್ರಿ, ಅಲ್ಯೂಮಿನಿಯಂ ಮತ್ತು ಗಾಜಿನ ವ್ಯಾಪಾರದಲ್ಲಿ ತೊಡಗಿರುವವರಿಗೆ ಉಪಯುಕ್ತವಾಗಬಹುದು.

ಸ್ಯಾಷ್ ಕಿಟಕಿಯ ರಚನೆ

ನಮ್ಮಲ್ಲಿ ಕಿಟಕಿಯ ಬಾಗಿಲುಗಳು ಸಾಮಾನ್ಯವಾಗಿ ಕೀಲಿನ ಮೇಲೆ ತಿರುಗುತ್ತವೆ ಅಥವಾ ಪಕ್ಕಕ್ಕೆ ಜಾರುತ್ತವೆ. ಸ್ಯಾಷ್ ಕಿಟಕಿಯಲ್ಲಿ ಹಾಗಲ್ಲ. ಒಂದರ ಮೇಲೊಂದಿರುವ ಎರಡು ಗಾಜುಪಡಿಗಳು ಮರದ ಚೌಕಟ್ಟಿನಲ್ಲಿ ಮೇಲಕ್ಕೂ ಕೆಳಕ್ಕೂ ಜಾರುತ್ತವೆ. ಪ್ರತಿ ಪಡಿಗೆ ಕಟ್ಟಿದ ಹುರಿಯು ರಾಟೆಯ ಮೇಲೆ ಹಾದು, ಚೌಕಟ್ಟಿನೊಳಗೆ ಅಡಗಿರುವ ಎರಕದ ಕಬ್ಬಿಣದ ಅಥವಾ ಸೀಸದ ತೂಕಕ್ಕೆ ಜೋಡಣೆಯಾಗಿರುತ್ತದೆ. ಬಾವಿಯ ರಾಟೆಯ ಒಂದು ತುದಿಯಲ್ಲಿ ಕೊಡ, ಇನ್ನೊಂದು ತುದಿಯಲ್ಲಿ ಅದೇ ತೂಕದ ಕಲ್ಲು ಕಟ್ಟಿದಂತೆ ಇದರ ಕೆಲಸ. ತೂಕ ಸರಿಯಾಗಿದ್ದರೆ ಎಷ್ಟೇ ಭಾರದ ಪಡಿಯಾದರೂ ಬೆರಳಿನ ಒತ್ತಡಕ್ಕೆ ಸರಿಯುತ್ತದೆ. ಹುರಿ ಕಡಿದಿದ್ದರೆ ಅಥವಾ ಬಣ್ಣದ ಪದರಗಳು ಅಂಟಿಕೊಂಡಿದ್ದರೆ ಗಟ್ಟಿಮುಟ್ಟಾದ ಆಳಿಗೂ ಅದು ಜಗ್ಗುವುದಿಲ್ಲ.

ಹದಿನೇಳನೇ ಶತಮಾನದ ಕೊನೆಯ ಭಾಗದಲ್ಲಿ ಬಳಕೆಗೆ ಬಂದ ಈ ಕಿಟಕಿಯು ಜಾರ್ಜಿಯನ್ ಮತ್ತು ವಿಕ್ಟೋರಿಯನ್ ಕಾಲದ ಮನೆಗಳ ಮುಖ್ಯ ಲಕ್ಷಣವಾಯಿತು. ಇದರಲ್ಲಿರುವುದು ಒಂದೇ ಪದರದ ಗಾಜು. ಸಂದುಗಳಿಂದ ಗಾಳಿ ನುಸುಳುವುದೂ ಸಹಜ. ಆದರೆ ಪಾರಂಪರಿಕ ಪಟ್ಟಿಗೆ ಸೇರಿದ ಕಟ್ಟಡಗಳಲ್ಲಿ ಹಳೆಯ ಕಿಟಕಿಯನ್ನು ಕಿತ್ತು ಹೊಸದನ್ನು ಇಡುವಂತಿಲ್ಲ. 1990ರ ಯೋಜನಾ (ಪಾರಂಪರಿಕ ಕಟ್ಟಡಗಳು ಮತ್ತು ಸಂರಕ್ಷಿತ ಪ್ರದೇಶಗಳು) ಕಾಯಿದೆಯನ್ವಯ, ಅಂತಹ ಕಟ್ಟಡದ ಸ್ವರೂಪಕ್ಕೆ ಧಕ್ಕೆ ತರುವ ಬದಲಾವಣೆಯನ್ನು ಅನುಮತಿಯಿಲ್ಲದೆ ಮಾಡುವುದು ಅಪರಾಧವಾಗುತ್ತದೆ.

ಇಲ್ಲಿಯೇ ಸೆಕೆಂಡರಿ ಗ್ಲೇಜಿಂಗ್‌ಗೆ ಮಾರುಕಟ್ಟೆ ದೊರೆತದ್ದು. ಹಳೆಯ ಕಿಟಕಿಯನ್ನು ಇದ್ದಂತೆಯೇ ಉಳಿಸಿ, ಅದರ ಒಳಬದಿಗೆ ತೆಳುವಾದ ಅಲ್ಯೂಮಿನಿಯಂ ಚೌಕಟ್ಟಿನ ಮತ್ತೊಂದು ಕಿಟಕಿಯನ್ನು ಕೂರಿಸುವುದೇ ಈ ವಿಧಾನ. ಇದನ್ನು 'ಒಳಕಿಟಕಿ' ಎಂದು ಕರೆಯಬಹುದು. ಮುಂದೆ ಬೇಡವೆನಿಸಿದರೆ ಮೂಲ ಕಿಟಕಿಗೆ ಹಾನಿಯಾಗದಂತೆ ತೆಗೆಯಲೂ ಬಹುದು. 2008ರಲ್ಲಿ ಹಿಸ್ಟಾರಿಕ್ ಸ್ಕಾಟ್‌ಲೆಂಡ್ ಸಂಸ್ಥೆಗಾಗಿ ಗ್ಲಾಸ್ಗೋ ಕ್ಯಾಲೆಡೋನಿಯನ್ ವಿಶ್ವವಿದ್ಯಾಲಯವು ನಡೆಸಿದ ಪರೀಕ್ಷೆಯಲ್ಲಿ, ಕಿಟಕಿಯ ಗಾಜಿನ ಮೂಲಕ ಹೊರಹೋಗುವ ಶಾಖವನ್ನು ಒಳಕಿಟಕಿಯು ಶೇ. 63ರಷ್ಟು ತಗ್ಗಿಸಿತು. ಶಾಖವನ್ನು ಉಳಿಸಲು ಎರಡು ಗಾಜುಗಳ ನಡುವೆ ಸುಮಾರು 20 ಮಿ.ಮೀ. ಅಂತರ ಸಾಕು, ಸದ್ದನ್ನು ತಡೆಯಲು 100 ಮಿ.ಮೀ. ಅಥವಾ ಅದಕ್ಕೂ ಹೆಚ್ಚಿನ ಅಂತರ ಬೇಕು.

ಸಮಸ್ಯೆಯ ಮೂಲ

ಒಳಕಿಟಕಿ ಬಂದ ಕೂಡಲೇ ಬಳಕೆದಾರನಿಗೆ ಒಂದರ ಬದಲು ಎರಡು ಕೆಲಸಗಳಾಗುತ್ತವೆ. ಮೊದಲು ಒಳಗಿನದನ್ನು ತೆರೆಯಬೇಕು. ಅನಂತರ ಕೈಯನ್ನು ಮುಂದಕ್ಕೆ ಚಾಚಿ ಹೊರಗಿನದನ್ನು ತೆರೆಯಬೇಕು. ಸದ್ದು ತಡೆಯಲೆಂದು ಹೆಚ್ಚು ಅಂತರ ಇಟ್ಟಷ್ಟೂ ಹೊರಗಿನ ಚಿಲಕವು ಬಳಕೆದಾರನಿಂದ ದೂರವಾಗುತ್ತದೆ. ಅಂದರೆ ಒಂದು ಗುಣವನ್ನು ಹೆಚ್ಚಿಸಿದಾಗ ಮತ್ತೊಂದು ಗುಣ ಕಡಿಮೆಯಾಗುತ್ತದೆ. ಬೆಲೆಪಟ್ಟಿಯಲ್ಲಿ ಈ ನಷ್ಟಕ್ಕೆ ಪ್ರತ್ಯೇಕ ಕಾಲಂ ಇರುವುದಿಲ್ಲ.

ಒಂದು ಉದಾಹರಣೆಯ ಮೂಲಕ ಇದನ್ನು ಪರಿಶೀಲಿಸಬಹುದು. ಕಿಟಕಿಯ ಅಗಲ 1 ಮೀಟರ್, ಎತ್ತರ 1.8 ಮೀಟರ್, ನೆಲದಿಂದ ಕಿಟಕಿಯ ಕಟ್ಟೆ 700 ಮಿ.ಮೀ. ಎತ್ತರದಲ್ಲಿದೆ ಎಂದಿಟ್ಟುಕೊಳ್ಳೋಣ. ಎರಡು ಪಡಿಗಳು ಸಂಧಿಸುವ ಸ್ಥಳ, ಅಂದರೆ ಚಿಲಕ ಇರುವ ಸ್ಥಳ, ನೆಲದಿಂದ 1,600 ಮಿ.ಮೀ. ಎತ್ತರಕ್ಕೆ ಬರುತ್ತದೆ. ಇಂಗ್ಲೆಂಡಿನಲ್ಲಿ ಹೊಸ ಮನೆಗಳಿಗೆ ಅನ್ವಯವಾಗುವ ಕಟ್ಟಡ ನಿಯಮಗಳ 'ಅಪ್ರೂವ್ಡ್ ಡಾಕ್ಯುಮೆಂಟ್ ಎಂ' ಎಂಬ ಮಾರ್ಗದರ್ಶಿಯು, ಸುಗಮ್ಯ ಮನೆಯ ಮುಖ್ಯ ವಾಸದ ಕೋಣೆಯಲ್ಲಿ ಕನಿಷ್ಠ ಒಂದು ಕಿಟಕಿಯ ಹಿಡಿಕೆ 450ರಿಂದ 1,200 ಮಿ.ಮೀ. ಎತ್ತರದೊಳಗೆ, ಉಳಿದ ಕಿಟಕಿಗಳ ಹಿಡಿಕೆ 450ರಿಂದ 1,400 ಮಿ.ಮೀ. ಎತ್ತರದೊಳಗೆ ಇರಬೇಕೆನ್ನುತ್ತದೆ, ಇಲ್ಲವಾದರೆ ಆ ಎತ್ತರದಲ್ಲಿ ದೂರನಿಯಂತ್ರಣದ ಸಾಧನವಿರಬೇಕು. ಹಳೆಯ ಮನೆಯಲ್ಲಿರುವ ಕಿಟಕಿಗೆ ಈ ನಿಯಮ ಕಡ್ಡಾಯವಲ್ಲ. ಆದರೂ ಅಳತೆಗೋಲಾಗಿ ಇದನ್ನು ಬಳಸಿದರೆ ನಮ್ಮ ಉದಾಹರಣೆಯ ಚಿಲಕವು ಎರಡೂ ಮಿತಿಗಳನ್ನು ಮೀರಿರುವುದು ಸ್ಪಷ್ಟವಾಗುತ್ತದೆ. ಅದರ ಮುಂದೆ 100 ಮಿ.ಮೀ. ದೂರದಲ್ಲಿ ಒಳಕಿಟಕಿ ನಿಂತರೆ, ಗಾಲಿಕುರ್ಚಿಯಲ್ಲಿ ಕುಳಿತವರಿಗೆ ಅದು ಎಟುಕುವ ಮಾತೇ ಇಲ್ಲ.

ಇನ್ನು ತೂಕದ ಲೆಕ್ಕ. ಗಾಜಿನ ದಪ್ಪ ಒಂದು ಮಿ.ಮೀ. ಹೆಚ್ಚಿದಂತೆ ಪ್ರತಿ ಚದರ ಮೀಟರಿಗೆ 2.5 ಕಿಲೋ ತೂಕ ಸೇರುತ್ತದೆ. ಈ ಕಿಟಕಿಯ ಅರ್ಧಭಾಗಕ್ಕೆ 4 ಮಿ.ಮೀ. ಗಾಜು ಹಾಕಿದರೆ ಗಾಜೊಂದೇ 9 ಕಿಲೋ, 6 ಮಿ.ಮೀ. ಆದರೆ 13.5 ಕಿಲೋ. ಇಡೀ ಕಿಟಕಿಗೆ 4 ಮಿ.ಮೀ. ಗಾಜಿನ ಒಂದೇ ಹಲಗೆಯಿದ್ದರೆ 18 ಕಿಲೋ. ತೀರಾ ಅಗ್ಗವೆಂದು ಆಯ್ಕೆ ಮಾಡುವ 'ಎತ್ತಿ ತೆಗೆಯುವ' ಮಾದರಿಯಲ್ಲಿ ಈ ಪೂರ್ತಿ ತೂಕ ಬಳಕೆದಾರನ ಕೈಮೇಲೆಯೇ ಬೀಳುತ್ತದೆ. ಕೈಯಲ್ಲಿ ಬಲವಿಲ್ಲದವರ ಮನೆಗೆ ಆ ಮಾದರಿ ಸಲ್ಲದು.

ಮಾದರಿಗಳ ಆಯ್ಕೆ

ಮಾರುಕಟ್ಟೆಯಲ್ಲಿ ಒಳಕಿಟಕಿಯ ಹಲವು ಮಾದರಿಗಳಿವೆ. ಬಳಕೆದಾರನ ದೃಷ್ಟಿಯಿಂದ ಅವುಗಳ ಗುಣದೋಷ ಹೀಗಿವೆ.

1. ಕೀಲಿನ ಮೇಲೆ ಒಳಕ್ಕೆ ತೆರೆಯುವ ಮಾದರಿ: ಗಾಜಿನ ತೂಕವನ್ನು ಕೀಲುಗಳೇ ಹೊರುತ್ತವೆ. ಹಿಡಿಕೆಯನ್ನು ಪಕ್ಕದಲ್ಲಿ, ಬೇಕಾದ ಎತ್ತರದಲ್ಲಿ ಇಡಬಹುದು. ಕೈಬಲ ಕಡಿಮೆಯಿರುವವರಿಗೆ ಇದು ಬಹುಮಟ್ಟಿಗೆ ಅನುಕೂಲಕರ. ಆದರೆ 1 ಮೀಟರ್ ಅಗಲದ ಪಡಿ ಕೋಣೆಯೊಳಗೆ 1 ಮೀಟರ್ ಜಾಗವನ್ನು ಆಕ್ರಮಿಸುತ್ತದೆ. ಗಾಲಿಕುರ್ಚಿ ಹಿಂದೆ ಸರಿಯಲು ಸ್ಥಳವಿರಬೇಕು. ಅರ್ಧ ಮೀಟರಿನ ಎರಡು ಪಡಿಗಳಾಗಿ ವಿಂಗಡಿಸಿದರೆ ಈ ತೊಂದರೆ ನೀಗುತ್ತದೆ.

2. ಪಕ್ಕಕ್ಕೆ ಜಾರುವ ಮಾದರಿ: ತೂಕ ಎತ್ತುವ ಪ್ರಶ್ನೆಯಿಲ್ಲ, ಕೋಣೆಯ ಜಾಗವೂ ಉಳಿಯುತ್ತದೆ. ಆದರೆ ಎರಡು ಪಡಿಗಳಿದ್ದರೆ ಒಮ್ಮೆಗೆ ಅರ್ಧ ಕಿಟಕಿ ಮಾತ್ರ ತೆರೆಯುತ್ತದೆ. ಬೆರಳ ತುದಿ ಮಾತ್ರ ಹಿಡಿಯುವ ಸಣ್ಣ ಗುಳಿಯ ಬದಲು ಅಂಗೈಯಿಂದಲೇ ತಳ್ಳಬಹುದಾದ ಉದ್ದನೆಯ ಹಿಡಿಕೆ ಬೇಕು.

3. ಮೇಲೆ-ಕೆಳಗೆ ಜಾರುವ ಮಾದರಿ: ಹೊರಗಿನ ಸ್ಯಾಷ್ ಕಿಟಕಿಯ ಗೆರೆಗಳಿಗೆ ಹೊಂದಿಕೊಂಡು ಕಣ್ಣಿಗೆ ಚೆನ್ನಾಗಿ ಕಾಣುತ್ತದೆ. ಸ್ಪ್ರಿಂಗುಗಳು ಗಾಜಿನ ತೂಕವನ್ನು ಸರಿದೂಗಿಸುತ್ತವೆ. ಆದರೆ ಕೆಳಪಡಿಯನ್ನು ಪೂರ್ತಿ ಮೇಲೆತ್ತಿದಾಗ ಅದರ ತಳದ ಹಿಡಿಕೆಯೂ 700ರಿಂದ 1,600 ಮಿ.ಮೀ. ಎತ್ತರಕ್ಕೆ ಏರುತ್ತದೆ. ಎತ್ತುವುದು ಸಾಧ್ಯವಾದವರಿಗೂ ಮತ್ತೆ ಇಳಿಸಲು ಕೈ ಎಟುಕದು. ಗಾಳಿಗೆ 300 ಮಿ.ಮೀ. ತೆರೆದರೆ ಸಾಕೆನ್ನುವಲ್ಲಿ ಅಷ್ಟಕ್ಕೇ ನಿಲ್ಲುವ, ಬೇಕಾದಾಗ ಬಿಡಿಸಬಹುದಾದ ತಡೆ ಹಾಕಿಸಬಹುದು.

4. ಅಯಸ್ಕಾಂತದ ಪಟ್ಟಿಯಿಂದ ಅಂಟಿಕೊಳ್ಳುವ ಅಕ್ರಿಲಿಕ್ ಹಲಗೆ: ಒಂದೇ ದಪ್ಪದ ಗಾಜಿಗೆ ಹೋಲಿಸಿದರೆ ತೂಕ ಅರ್ಧಕ್ಕಿಂತಲೂ ಕಡಿಮೆ. ಆದರೆ ಅದನ್ನು ಕಿತ್ತು ಎಲ್ಲಿಯಾದರೂ ಒರಗಿಸಿಡಬೇಕು. ಒಂದೇ ಕೈ ಬಳಸುವವರಿಗೆ ಅದು ಸುಲಭವಲ್ಲ. ವರ್ಷಕ್ಕೊಮ್ಮೆ ತೆಗೆಯುವ ಕಿಟಕಿಗೆ ಮಾತ್ರ ಇದು ಯೋಗ್ಯ.

ಯಾವ ಮಾದರಿಯಾದರೂ ಹೊರಗಿನ ಕಿಟಕಿಯ ದುರಸ್ತಿ ಮೊದಲು ಆಗಬೇಕು. ಹುರಿ ಬದಲಿಸಿ, ತೂಕ ಸರಿಪಡಿಸಿ, ಅಂಟಿದ ಬಣ್ಣ ಕೆರೆದರೆ ಅರ್ಧ ಸಮಸ್ಯೆ ಅಲ್ಲಿಯೇ ಬಗೆಹರಿಯುತ್ತದೆ. ಇಂಗ್ಲೆಂಡಿನಲ್ಲಿ ಸಾರ್ವಜನಿಕ ಕಟ್ಟಡಗಳ ಬಾಗಿಲನ್ನು ತೆರೆಯಲಾರಂಭಿಸುವಾಗ ಬೇಕಾಗುವ ಬಲ 30 ನ್ಯೂಟನ್ ಮೀರಬಾರದೆಂಬ ಮಾರ್ಗದರ್ಶನವಿದೆ. ಇದು ಸುಮಾರು 3 ಕಿಲೋ ಎತ್ತುವ ಶ್ರಮಕ್ಕೆ ಸಮ. ಅಮೆರಿಕದ 2010ರ ಎಡಿಎ ಮಾನದಂಡದಲ್ಲಿ ಕೈಯಿಂದ ನಡೆಸುವ ಸಾಧನಗಳಿಗೆ ಮಿತಿ 22.2 ನ್ಯೂಟನ್, ಬಿಗಿಯಾಗಿ ಹಿಡಿಯುವ, ಚಿವುಟುವ, ಮಣಿಕಟ್ಟು ತಿರುಚುವ ಅಗತ್ಯವೂ ಇರಬಾರದು. ಪ್ರಯಾಣದ ಚೀಲ ತೂಗುವ ಸಣ್ಣ ತಕ್ಕಡಿಯನ್ನು ಹಿಡಿಕೆಗೆ ಸಿಕ್ಕಿಸಿ ಎಳೆದರೆ ಯಾವುದೇ ಕಿಟಕಿಯನ್ನು ಈ ಅಳತೆಗೆ ಒರೆ ಹಚ್ಚಬಹುದು. ಕೆಲಸ ಒಪ್ಪಿಸಿಕೊಳ್ಳುವ ದಿನ ಈ ಪರೀಕ್ಷೆಗೆ ಐದು ನಿಮಿಷ ಸಾಕು.

ಕೈಯಿಂದ ಸಾಧ್ಯವೇ ಇಲ್ಲದಲ್ಲಿ ವಿದ್ಯುತ್ ಮೋಟಾರು ಅಥವಾ ಗೋಡೆಯ ಮೇಲಿನ ತಿರುಗುಹಿಡಿಕೆಯಿಂದ ಕೇಬಲ್ ಮೂಲಕ ನಡೆಯುವ ಯಂತ್ರ ಬಳಸಬಹುದು. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಒಳಕಿಟಕಿಗೆ ಮಾತ್ರ ಮೋಟಾರು ಹಾಕಿ ಹೊರಗಿನದನ್ನು ಹಾಗೆಯೇ ಬಿಟ್ಟರೆ ಹಣ ವ್ಯರ್ಥ. ಎರಡಕ್ಕೂ ವ್ಯವಸ್ಥೆ ಇರಬೇಕು. ವಿದ್ಯುತ್ ಕೈಕೊಟ್ಟಾಗ ಏನು ಮಾಡಬೇಕೆಂಬುದೂ ಮೊದಲೇ ನಿರ್ಧಾರವಾಗಬೇಕು. ಪ್ರತಿ ಕಿಟಕಿಗೂ ಈ ಸೌಲಭ್ಯ ಬೇಕಾಗಿಲ್ಲ. ಮೇಲೆ ಹೇಳಿದ ಮಾರ್ಗದರ್ಶಿಯೂ ಕಟ್ಟುನಿಟ್ಟಿನ ಮಿತಿಯನ್ನು ವಾಸದ ಕೋಣೆಯ ಒಂದು ಕಿಟಕಿಗೆ ಮಾತ್ರ ವಿಧಿಸುತ್ತದೆ. ಬಳಕೆದಾರ ಹೆಚ್ಚು ಹೊತ್ತು ಕಳೆಯುವ ಕೋಣೆಗಳಲ್ಲಿ ತಲಾ ಒಂದು ಕಿಟಕಿಯನ್ನು ಪೂರ್ಣ ಸುಗಮ್ಯಗೊಳಿಸಿ, ಉಳಿದವುಗಳಿಗೆ ಸಾಮಾನ್ಯ ಮಾದರಿ ಹಾಕಿದರೆ ವೆಚ್ಚ ಹತೋಟಿಯಲ್ಲಿರುತ್ತದೆ.

ವೈಕಲ್ಯವೆಂದರೆ ಕೈಕಾಲಿಗೆ ಸಂಬಂಧಿಸಿದ್ದು ಮಾತ್ರವಲ್ಲ. ದೃಷ್ಟಿಮಾಂದ್ಯವಿರುವವರಿಗೆ ಬಿಳಿಯ ಗೋಡೆ, ಬಿಳಿಯ ಚೌಕಟ್ಟು, ಬಿಳಿಯ ಹಿಡಿಕೆ ಒಂದರಲ್ಲೊಂದು ಕರಗಿಹೋಗುತ್ತವೆ. ಹಿಡಿಕೆಯ ಬಣ್ಣ ಗಾಢವಾಗಿದ್ದರೆ ಸಾಕು. ಶ್ರವಣ ಸಾಧನ ಬಳಸುವವರಿಗೆ ಹಾಗೂ ಸದ್ದನ್ನು ಸಹಿಸಲಾಗದ ಆಟಿಸಂ ಇರುವವರಿಗೆ ಒಳಕಿಟಕಿಯೇ ದೊಡ್ಡ ಉಪಕಾರ.

ಸುರಕ್ಷತೆ

ಇಂಗ್ಲೆಂಡಿನ ಅಗ್ನಿಸುರಕ್ಷತೆಯ ಮಾರ್ಗದರ್ಶಿಯಂತೆ, ತಪ್ಪಿಸಿಕೊಳ್ಳುವ ದಾರಿಯೆಂದು ಗುರುತಿಸಿದ ಕಿಟಕಿಯಲ್ಲಿ ಕನಿಷ್ಠ 0.33 ಚದರ ಮೀಟರ್ ತೆರವು ಇರಬೇಕು. ಅದರ ಎತ್ತರವಾಗಲೀ ಅಗಲವಾಗಲೀ 450 ಮಿ.ಮೀ.ಗಿಂತ ಕಡಿಮೆಯಿರಬಾರದು, ತೆರವಿನ ತಳವು ನೆಲದಿಂದ 1,100 ಮಿ.ಮೀ.ಗಿಂತ ಮೇಲಿರಬಾರದು. ಒಳಕಿಟಕಿ ಹಾಕಿದ ಮೇಲೂ ಈ ಅಳತೆ ಉಳಿಯಬೇಕು. ಇನ್ನೊಂದೆಡೆ, ಮರೆವಿನ ಕಾಯಿಲೆಯವರಿರುವ ಆರೈಕೆ ಗೃಹಗಳಲ್ಲಿ, ಬೀಳುವ ಅಪಾಯವಿರುವ ಎತ್ತರದ ಕಿಟಕಿಗಳು 100 ಮಿ.ಮೀ.ಗಿಂತ ಹೆಚ್ಚು ತೆರೆಯದಂತೆ ತಡೆ ಇರಬೇಕೆಂದು ಬ್ರಿಟನ್ನಿನ ಆರೋಗ್ಯ ಮತ್ತು ಸುರಕ್ಷತಾ ಸಂಸ್ಥೆ ಸೂಚಿಸಿದೆ. ಒಂದು ನಿಯಮ ತೆರೆಯಬೇಕೆನ್ನುತ್ತದೆ, ಮತ್ತೊಂದು ತೆರೆಯಬಾರದೆನ್ನುತ್ತದೆ. ಯಾವ ಕಿಟಕಿಗೆ ಯಾವುದು ಅನ್ವಯವೆಂಬುದನ್ನು ಆ ಕಟ್ಟಡದ ಅಗ್ನಿ ಅಪಾಯದ ಪರಿಶೀಲನೆಯೊಂದಿಗೆ ನಿರ್ಧರಿಸಬೇಕೇ ಹೊರತು ಮಾರಾಟಗಾರನ ಊಹೆಗೆ ಬಿಡಬಾರದು.

ಅನುಮತಿ ಮತ್ತು ಹಣಕಾಸು

ತೆಗೆಯಬಹುದಾದ ಒಳಕಿಟಕಿಗೆ ಪಾರಂಪರಿಕ ಅನುಮತಿ ಬಹಳಷ್ಟು ಸಂದರ್ಭಗಳಲ್ಲಿ ಬೇಕಾಗುವುದಿಲ್ಲ. ಆದರೆ ಹಳೆಯ ಒಳಬಾಗಿಲು, ಮರದ ಹೊದಿಕೆಗಳಿಗೆ ಧಕ್ಕೆಯಾಗುವುದಾದರೆ ಬೇಕಾಗಬಹುದು. ಮೋಟಾರಿನ ತಂತಿಗಾಗಿ ಹಳೆಯ ಮರವನ್ನು ಕೊರೆಯುವುದು ಇಂತಹ ಸಂದರ್ಭ. ಸ್ಥಳೀಯ ಕೌನ್ಸಿಲ್‌ನ ಸಂರಕ್ಷಣಾಧಿಕಾರಿಯನ್ನು ಮೊದಲೇ ವಿಚಾರಿಸುವುದು ಕ್ಷೇಮ.

ತೆರಿಗೆಯ ವಿಚಾರದಲ್ಲಿ ಗ್ರಾಹಕರು ತಪ್ಪು ನಿರೀಕ್ಷೆ ಇಟ್ಟುಕೊಳ್ಳುವುದು ಸಹಜ. ಗ್ರೇಟ್ ಬ್ರಿಟನ್ನಿನಲ್ಲಿ 2022ರ ಏಪ್ರಿಲ್ 1ರಿಂದ 2027ರ ಮಾರ್ಚ್ 31ರವರೆಗೆ ಮನೆಗಳಿಗೆ ಇಂಧನ ಉಳಿಸುವ ಸಾಮಗ್ರಿ ಅಳವಡಿಸುವುದಕ್ಕೆ ವ್ಯಾಟ್ ಶೂನ್ಯ. ಆದರೆ ಆ ಪಟ್ಟಿಯಲ್ಲಿ ಕಿಟಕಿಯ ಸಂದು ಮುಚ್ಚುವ ಪಟ್ಟಿಗೆ ಸ್ಥಾನವಿದೆ, ಎರಡನೆಯ ಗಾಜಿಗೆ ಇಲ್ಲ. ಗಾಜಿಗೆ ಶೇ. 20ರ ಸಾಮಾನ್ಯ ದರವೇ ಅನ್ವಯ. ಪಾರಂಪರಿಕ ಕಟ್ಟಡಗಳ ಅನುಮೋದಿತ ಬದಲಾವಣೆಗಳಿಗಿದ್ದ ಶೂನ್ಯ ದರವೂ 2012ರ ಅಕ್ಟೋಬರ್ 1ರಂದು ಕೊನೆಗೊಂಡಿತು. 60 ವರ್ಷ ದಾಟಿದವರ ಮನೆಗೆ ಶೇ. 5ರ ದರದಲ್ಲಿ ಅಳವಡಿಸಬಹುದಾದ ಸಾಧನಗಳ ಪಟ್ಟಿಯಲ್ಲಿ ಹಿಡಿಗಂಬಿ, ಇಳಿಜಾರು ದಾರಿ ಮುಂತಾದವು ಇವೆ, ಕಿಟಕಿ ಇಲ್ಲ. ವಿಕಲಚೇತನ ವ್ಯಕ್ತಿಯ ಸ್ಥಿತಿಗೆ ಹೊಂದುವಂತೆ ಒಂದು ವಸ್ತುವನ್ನು ಮಾರ್ಪಡಿಸುವ ಸೇವೆಗೆ ಪ್ರತ್ಯೇಕ ರಿಯಾಯಿತಿ ಇರುವುದರಿಂದ, ಗಾಜಿನ ಬೆಲೆ ಮತ್ತು ವಿಶೇಷ ಮಾರ್ಪಾಡಿನ ಬೆಲೆಯನ್ನು ಬಿಲ್ಲಿನಲ್ಲಿ ಬೇರೆ ಬೇರೆಯಾಗಿ ತೋರಿಸಿ, ಅದು ಅನ್ವಯಿಸುವುದೇ ಎಂದು ತೆರಿಗೆ ಸಲಹೆಗಾರರಿಂದ ಖಚಿತಪಡಿಸಿಕೊಳ್ಳುವುದು ಲೇಸು.

ಮನೆಗಳಿಗೆ ಮುಖ್ಯ ಆಸರೆಯೆಂದರೆ 1996ರ ವಸತಿ ಅನುದಾನ ಕಾಯಿದೆಯಡಿ ದೊರೆಯುವ 'ಡಿಸೇಬಲ್ಡ್ ಫೆಸಿಲಿಟೀಸ್ ಗ್ರಾಂಟ್'. ಇಂಗ್ಲೆಂಡಿನಲ್ಲಿ ಇದರ ಗರಿಷ್ಠ ಮಿತಿ 30,000 ಪೌಂಡ್. ವಯಸ್ಕರ ವಿಷಯದಲ್ಲಿ ಆದಾಯ ಪರಿಶೀಲನೆ ಇದೆ. ಕೋರಿದ ಕೆಲಸವು ಆ ವ್ಯಕ್ತಿಗೆ ಅಗತ್ಯ ಮತ್ತು ಸೂಕ್ತ ಎಂಬುದು ಕೌನ್ಸಿಲ್‌ಗೆ ಮನವರಿಕೆಯಾಗಬೇಕು. ಇದಕ್ಕೆ ಆಕ್ಯುಪೇಷನಲ್ ಥೆರಪಿಸ್ಟ್ ನೀಡುವ ವರದಿ ಆಧಾರ. ಬರೀ ಬೆಚ್ಚಗಿರಲು ಗಾಜು ಬೇಕೆಂದರೆ ಅರ್ಜಿ ನಿಲ್ಲುವುದು ಕಷ್ಟ. ಮಂಜೂರಾತಿಗೆ ಮೊದಲೇ ಕೆಲಸ ಆರಂಭಿಸಿದರೆ ಸಾಮಾನ್ಯವಾಗಿ ಅನುದಾನವೇ ತಪ್ಪುತ್ತದೆ. ಅವಸರದ ಮುಂಗಡ ಪಾವತಿಯಿಂದ ಆಗುವ ದೊಡ್ಡ ನಷ್ಟ ಇದೇ.

ಹೋಟೆಲು, ಕಚೇರಿ, ಆಸ್ಪತ್ರೆಗಳ ವಿಷಯ ಬೇರೆ. 2010ರ ಸಮಾನತಾ ಕಾಯಿದೆಯನ್ವಯ ಉದ್ಯೋಗದಾತರೂ ಸೇವೆ ಒದಗಿಸುವವರೂ ವಿಕಲಚೇತನರಿಗಾಗಿ ನ್ಯಾಯೋಚಿತ ಹೊಂದಾಣಿಕೆ ಮಾಡಬೇಕು. ಅದರ ವೆಚ್ಚವನ್ನು ಆ ವ್ಯಕ್ತಿಯಿಂದ ವಸೂಲಿ ಮಾಡುವಂತಿಲ್ಲ. ಯಾವುದು ನ್ಯಾಯೋಚಿತ ಎಂಬುದು ವೆಚ್ಚ, ಸಂಸ್ಥೆಯ ಸಾಮರ್ಥ್ಯ, ಆಗುವ ಪ್ರಯೋಜನಗಳನ್ನು ಅವಲಂಬಿಸಿದೆ.

ಆದೇಶಕ್ಕೆ ಮೊದಲು

ಮೇಲಿನ ಎಲ್ಲ ಅಂಶಗಳೂ ಒಂದೇ ತೀರ್ಮಾನದ ಕಡೆಗೆ ಬೊಟ್ಟು ಮಾಡುತ್ತವೆ. ಹಿಡಿಕೆಯ ಎತ್ತರ, ಪಡಿಗಳ ವಿಂಗಡಣೆ, ಸ್ಪ್ರಿಂಗಿನ ಶಕ್ತಿ, ಹಿಡಿಕೆಯ ಬಣ್ಣ ಇವೆಲ್ಲವೂ ಆದೇಶ ಪತ್ರ ಬರೆಯುವಾಗ ಒಂದೊಂದು ಸಾಲಿನ ಮಾತು. ಒಳಕಿಟಕಿಯನ್ನು ಪ್ರತಿ ಕಿಟಕಿಯ ಅಳತೆಗೆ ತಕ್ಕಂತೆ ತಯಾರಿಸಲಾಗುವುದರಿಂದ ಒಮ್ಮೆ ಬಂದು ಕೂತ ಮೇಲೆ ಬದಲಿಸುವುದೆಂದರೆ ಹೊಸದನ್ನೇ ಕೊಂಡಂತೆ. ಅಟ್ಟ ಮೇಲೆ ಒಲೆ ಉರಿದು ಪ್ರಯೋಜನವಿಲ್ಲ. ಆದ್ದರಿಂದ ಈ ಕೆಳಗಿನ ಕ್ರಮ ಅನುಸರಣೀಯ:

• ಬಳಕೆದಾರ ಕುಳಿತಲ್ಲಿಂದ, ನಿಂತಲ್ಲಿಂದ ಕೈ ಎಲ್ಲಿಯವರೆಗೆ ಎಟುಕುತ್ತದೆ ಎಂಬುದನ್ನು ಅಳೆಯುವುದು. ಅನಂತರ ಕಿಟಕಿಯನ್ನು ಅಳೆಯುವುದು.
• ಹೊರಗಿನ ಸ್ಯಾಷ್ ಕಿಟಕಿಯನ್ನು ಮೊದಲು ದುರಸ್ತಿ ಮಾಡಿಸುವುದು.
• ಸುಗಮ್ಯವಾಗಬೇಕಾದ ಕಿಟಕಿ, ತಪ್ಪಿಸಿಕೊಳ್ಳುವ ಕಿಟಕಿ, ತಡೆ ಇರಬೇಕಾದ ಕಿಟಕಿಗಳನ್ನು ನಕ್ಷೆಯಲ್ಲಿ ಗುರುತಿಸುವುದು.
• ಸಾಧ್ಯವಿದ್ದರೆ ಮಾದರಿ ಕಿಟಕಿಯೊಂದನ್ನು ಬಳಕೆದಾರರ ಕೈಯಿಂದಲೇ ತೆರೆಸಿ ನೋಡುವುದು.
• ಅನುದಾನ ಮತ್ತು ಅನುಮತಿ ಕೈಸೇರಿದ ಬಳಿಕವೇ ಮುಂಗಡ ನೀಡುವುದು.

ಕರ್ನಾಟಕದಲ್ಲಿ ಸ್ಯಾಷ್ ಕಿಟಕಿಯ ಬಳಕೆ ಕಡಿಮೆಯಾದರೂ ಈ ಪಾಠ ನಮಗೆ ಹೊರತಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಸುಗಮ್ಯತೆಯ ಮಾನದಂಡಗಳನ್ನು ರೂಪಿಸಬೇಕೆಂದು ವಿಧಿಸಿದೆ. ರಾಜೀವ್ ರತೂರಿ ಪ್ರಕರಣದಲ್ಲಿ 2024ರ ನವೆಂಬರ್ 8ರಂದು ಸರ್ವೋಚ್ಚ ನ್ಯಾಯಾಲಯವು, ಮಾನದಂಡಗಳು ಬರೀ ಸಲಹೆಯಾಗಿರದೆ ಕಡ್ಡಾಯವಾಗಿರಬೇಕೆಂದು ತೀರ್ಪಿತ್ತಿದೆ. ಸದ್ದು ತಡೆಯುವ ಕಿಟಕಿಗಳನ್ನು ತಯಾರಿಸುವ ನಮ್ಮ ಉದ್ದಿಮೆದಾರರು ಹಿಡಿಕೆಯ ಎತ್ತರವನ್ನು ಗ್ರಾಹಕನನ್ನು ಕೇಳಿ ನಿರ್ಧರಿಸುವ ಪದ್ಧತಿಯನ್ನು ಇಂದೇ ಆರಂಭಿಸಿದರೆ ಹೆಚ್ಚುವರಿ ಬಂಡವಾಳವೇನೂ ಬೇಕಾಗದು.

ಕಿಟಕಿಯ ಬೆಲೆ ಗಾಜಿನ ಚದರ ಮೀಟರಿನಲ್ಲಿ ನಿಗದಿಯಾಗುತ್ತದೆ. ಅದರ ಮೌಲ್ಯ ಮಾತ್ರ, ಬೇಕೆನಿಸಿದಾಗ ಅದನ್ನು ತಾನೇ ತೆರೆಯಬಲ್ಲ ಕೈಯಲ್ಲಿ ನಿರ್ಧಾರವಾಗುತ್ತದೆ. ಬೆಲೆಪಟ್ಟಿ ಸಿದ್ಧಪಡಿಸುವವರೂ ಅದಕ್ಕೆ ಸಹಿ ಹಾಕುವವರೂ ಈ ವ್ಯತ್ಯಾಸವನ್ನು ಗಮನದಲ್ಲಿಡುವುದು ಉಚಿತ.